ಲಜ್ಜೆಯೂ ಅಪತ್ರಪೆಯೂ

ಪರರ ನಿಮಿತ್ತದಿಂದ ಹುಟ್ಟುವ ಲಜ್ಜೆಗೆ ಅಮರಕೋಶವು ಅಪತ್ರಪೆಯೆಂಬ ಬೇರೆ ಹೆಸರನ್ನು ಕೊಟ್ಟಿದೆ. ಈ ಭೇದವು ಕೇವಲ ಶಬ್ದದ್ದಲ್ಲ.

ಧಾರವಾಡದಿಂದ ಹುಬ್ಬಳ್ಳಿಯ ವಿದ್ಯಾನಗರದ ಸರಕಾರಿ ಆಸ್ಪತ್ರೆಗೆ ರೋಗಿಯನ್ನು ಒಯ್ಯುವ ಆಂಬುಲನ್ಸಿನ ಸೈರನ್ ಕೇಳಿ, ಮುಂದಿನ ಕಾರಿನವನು ದಿಕ್ಕುಗೆಟ್ಟು ನಡುದಾರಿಯಲ್ಲಿಯೇ ನಿಂತುಬಿಡುವುದುಂಟು. ಸುತ್ತಲಿನವರು ಗದರುತ್ತಾರೆ, ಅವನ ಮುಖವು ಬಾಡುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆಯು, ಆಂಬುಲನ್ಸಿಗಾಗಲಿ ಅಗ್ನಿಶಾಮಕ ವಾಹನಕ್ಕಾಗಲಿ ಪಕ್ಕಕ್ಕೆ ಸರಿದು ಎಡೆಗೊಡದವನಿಗೆ ಆರು ತಿಂಗಳವರೆಗಿನ ಸೆರೆಯನ್ನೋ 10,000 ರೂಪಾಯಿ ದಂಡವನ್ನೋ ಎರಡನ್ನೂ ಕೂಡಿಯೋ ವಿಧಿಸುತ್ತದೆ. ಆದರೆ ದಂಡ ತೆತ್ತ ಮಾತ್ರಕ್ಕೆ ಮನಸ್ಸು ತಿಳಿಯಾಗದು.

‘ನನ್ನನ್ನು ಯಾರು ಕಂಡರು?’ ಎಂದು ಕೇಳುವುದು ಅಪತ್ರಪೆ. ಅದು ನೆವಗಳನ್ನು ಹುಡುಕುತ್ತದೆ. ಕೆಲವರನ್ನು ಮರಳಿ ವಾಹನವನ್ನೇ ಮುಟ್ಟದಂತೆ ಮಾಡುತ್ತದೆ. ‘ಆ ಗಾಡಿಯೊಳಗೆ ಯಾರಿದ್ದರು?’ ಎಂದು ಕೇಳುವುದು ನಿಜವಾದ ಲಜ್ಜೆ. ಅದರ ದೃಷ್ಟಿಯು ರೋಗಿಯ ಕಡೆಗಿರುತ್ತದೆ.

ಕಳೆದ ಕ್ಷಣಗಳು ಮರಳಿ ಬಾರವು. ಅವುಗಳ ಋಣವು ಮುಂದಿನ ರೋಗಿಗೆ ಸಲ್ಲತಕ್ಕದ್ದು. ಕನ್ನಡಿಯಲ್ಲಿ ಹಿಂದನ್ನು ನೋಡುವುದು, ಗಾಬರಿಗೊಳ್ಳದೆ ಎಡಕ್ಕೆ ಸರಿಯುವುದು, ಆ ವಾಹನವು ದಾಟುವವರೆಗೆ ತಾಳುವುದು. ಇವನ್ನು ರೂಢಿಸಿಕೊಂಡವನು ಆ ಋಣವನ್ನು ತೀರಿಸುತ್ತಾನೆ. ಆಮೇಲೆಯೂ ಕೊರಗು ಉಳಿದರೆ ಅದು ರೋಗಿಗಾಗಿ ಪಟ್ಟ ಮರುಕವಲ್ಲ. ತನ್ನ ಅಭಿಮಾನಕ್ಕೆ ಬಿದ್ದ ಪೆಟ್ಟಿನ ನೋವು. ಅದನ್ನು ಬಿಡುವುದರಲ್ಲಿ ದೋಷವಿಲ್ಲ.