ಸಂಬಳದ ಹಿತವಚನ

ಅಧಿಕಾರವು ಏರಿದಂತೆಲ್ಲ ಮನುಷ್ಯನಿಗೆ ತನ್ನ ತಪ್ಪು ಕೇಳಿಬರುವುದು ಕಡಮೆಯಾಗುತ್ತದೆ. ಕೈಕೆಳಗಿನವರು ಅನ್ನಕ್ಕೆ ಅಂಜುತ್ತಾರೆ. ಸರಿಸಮಾನರು ಸ್ಪರ್ಧೆಯಿಂದ ಸುಮ್ಮನಿರುತ್ತಾರೆ. ಮನೆಯವರಿಗೆ ವ್ಯವಹಾರದ ಒಳಗುಟ್ಟು ತಿಳಿಯದು. ಈ ಕೊರತೆಯನ್ನು ತುಂಬಲೆಂದು ದೊಡ್ಡ ಕಂಪನಿಗಳು ಹಣ ತೆತ್ತು ಒಬ್ಬ ಹಿತವಾದಿಯನ್ನು ಗೊತ್ತುಮಾಡುವ ಪದ್ಧತಿಯು ಈಗ ಬೆಳೆದಿದೆ. ಆಟದ ಬಯಲಿನ 'ಕೋಚ್' ಎಂಬ ಹೆಸರೇ ಆತನಿಗೂ ಸಂದಿದೆ. ಹಣಕ್ಕೆ ದೊರೆತ ಹಿತವಚನವು ನಿಜವಾಗಿ ಹಿತವಾಗಿರಬಲ್ಲುದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

2001ರಲ್ಲಿ ಗೂಗಲ್ ಸಂಸ್ಥೆಯ ಮುಖ್ಯಾಧಿಕಾರಿಯಾದ ಎರಿಕ್ ಶ್ಮಿಟ್ಟರಿಗೆ, ಜಾನ್ ಡೋರ್ ಎಂಬ ಬಂಡವಾಳಗಾರರು ಕೋಚ್ ಒಬ್ಬರನ್ನು ಇಟ್ಟುಕೊಳ್ಳಿರೆಂದು ಸೂಚಿಸಿದರು. ಅನುಭವಿಯಾದ ತಮಗೆ ಅದೇಕೆಂದು ಅವರು ಮೊದಲು ಅಸಮಾಧಾನಪಟ್ಟರು. ಕಡೆಗೆ ಒಪ್ಪಿ ಬಿಲ್ ಕ್ಯಾಂಪ್‌ಬೆಲ್ಲರ ಮಾತಿಗೆ ಕಿವಿಗೊಟ್ಟರು. ಆ ಕ್ಯಾಂಪ್‌ಬೆಲ್ಲರಾದರೋ 1974ರಿಂದ 1979ರವರೆಗೆ ಕೊಲಂಬಿಯಾ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡವನ್ನು ತಿದ್ದಿ, 12 ಪಂದ್ಯಗಳನ್ನು ಗೆದ್ದು 41ನ್ನು ಸೋತವರು! ಆದರೆ ಅವರು ಆಮೇಲೆ ಇಂಟ್ಯೂಟ್ ಎಂಬ ಕಂಪನಿಯನ್ನು ತಾವೇ ನಡೆಸಿದ್ದರು. ಸೋಲಿನ ರುಚಿಯನ್ನೂ ಹೊಣೆಯ ಭಾರವನ್ನೂ ಕಂಡವರ ಮಾತಿಗೆ ಇರುವ ತೂಕವು ಬರಿಯ ಗೆಲವನ್ನು ಕಂಡವರ ಮಾತಿಗೆ ಇರಲಾರದು.

ವೈದ್ಯನಿಗೂ ವಕೀಲನಿಗೂ ಸನ್ನದು ಬೇಕು. ಈ ವೃತ್ತಿಗೆ ಸಾಮಾನ್ಯವಾಗಿ ಬೇಡ. 1995ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕೋಚ್‌ಗಳ ಸಂಘವೊಂದು ಪ್ರಮಾಣಪತ್ರವನ್ನೇನೋ ಕೊಡುತ್ತದೆ. ಆದರೆ ಪತ್ರವು ಕಲಿಕೆಗೆ ಸಾಕ್ಷಿ, ನಿಷ್ಠೆಗಲ್ಲ.

ನಿಜವಾದ ತೊಡಕಿರುವುದು ನಿಷ್ಠೆಯಲ್ಲಿಯೇ. ಹಣ ಕೊಡುವುದು ಕಂಪನಿ, ಮನಸ್ಸು ಬಿಚ್ಚುವುದು ಅಧಿಕಾರಿ. ಏಕಾಂತದಲ್ಲಿ ಆಡಿದ ಅಂಜಿಕೆಯ ಮಾತು ನಾಳೆ ಆಡಳಿತ ಮಂಡಲಿಯ ಮುಂದೆ ಬಂದೀತೆಂಬ ಶಂಕೆ ಇದ್ದರೆ, ಆತನು ಕೋಚ್‌ನ ಮುಂದೆಯೂ ವೇಷ ಹಾಕಿಯೇ ಕೂರುತ್ತಾನೆ. ಭಾರತದ ಕರ್ಣನ ಪಾಡು ಇದೇ ಅಲ್ಲವೆ? ಸಾರಥಿಯನ್ನು ಒದಗಿಸಿದವನು ದುರ್ಯೋಧನ. ಸಾರಥಿಯಾದ ಶಲ್ಯನು ಮಾತು ಕೊಟ್ಟದ್ದು ಧರ್ಮರಾಯನಿಗೆ. ರಥದಲ್ಲಿ ಕುಳಿತವನು ಕರ್ಣ. ದಾರಿಯುದ್ದಕ್ಕೂ ಮೂದಲಿಸಿದ ಶಲ್ಯನು, ಬಾಣದ ಗುರಿಯನ್ನು ತಿದ್ದಿಕೊಳ್ಳೆಂದು ಒಮ್ಮೆ ಸರಿಯಾದುದನ್ನೇ ಹೇಳಿದನು. ಕರ್ಣನು ಕೇಳಲಿಲ್ಲ. ಅವನ ಅಭಿಮಾನವನ್ನು ದೂರುವವರು ಬಹಳ. ಅಷ್ಟು ಹೊತ್ತೂ ಚುಚ್ಚಿದ ನಾಲಗೆಯನ್ನು ಆ ಒಂದು ಗಳಿಗೆಯಲ್ಲಿ ನಂಬುವುದು ಹೇಗೆ ಸಾಧ್ಯವಿತ್ತೆಂದು ಕೇಳುವವರು ವಿರಳ.

ಆದಕಾರಣ ಅಧಿಕಾರಿಯು ಶುಲ್ಕವನ್ನೂ ಕೀರ್ತಿಯನ್ನೂ ವಿಚಾರಿಸುವುದಕ್ಕೆ ಮುನ್ನ, ತನ್ನ ಮಾತುಗಳಲ್ಲಿ ಯಾವುವು ಒಡೆಯರ ಕಿವಿಗೆ ಹೋಗುತ್ತವೆ, ಯಾವುವು ಹೋಗವು ಎಂದು ಕೇಳಬೇಕು. ಉತ್ತರವು ಒಡೆಯರ ಎದುರಿಗೇ, ಬರವಣಿಗೆಯಲ್ಲಿ ಬರಬೇಕು.