ಒಳಚರಂಡಿ ಮತ್ತು ಮಡಿಯ ಗಡಿ

ಹಿತ್ತಲಿನ ಶೌಚಗುಂಡಿ ಮುಚ್ಚಿ ಬೀದಿಯ ಒಳಚರಂಡಿಗೆ ಪೈಪು ಜೋಡಿಸುವ ಕಾಲ ಬಂದಾಗ ನಿವಾಸಿಗಳ ತಕರಾರು ಎರಡು ಬಗೆಯದು. ಅಗೆದ ರಸ್ತೆಯನ್ನು ಯಾವಾಗ ಮುಚ್ಚುತ್ತಾರೆ, ಸಂಪರ್ಕದ ಖರ್ಚು ಯಾರ ತಲೆಗೆ, ಜೋರು ಮಳೆಗೆ ಕೊಳಚೆ ತಿರುಗಿ ಬಚ್ಚಲಿಗೇ ನುಗ್ಗಿದರೆ ಏನು ಗತಿ ಎಂಬುದಕ್ಕೆ ಎಂಜಿನಿಯರು ಉತ್ತರಿಸಬಲ್ಲ. ಗುಡಿಯ ಎದುರು ಮ್ಯಾನ್‌ಹೋಲ್ ಬೇಡ, ಈಶಾನ್ಯ ಮೂಲೆಯಲ್ಲಿ ಚೇಂಬರ್ ಬೇಡ, ಮೇಲಿನ ಓಣಿಯವರ ಹೊಲಸು ನಮ್ಮ ಬಾಗಿಲ ಮುಂದೆ ಹಾಯುವುದು ಬೇಡ ಎಂಬ ಮಾತುಗಳು ಅವನ ಕೈಗೆ ಸಿಗುವಂಥವಲ್ಲ. ಅವು ಮಡಿ-ಮೈಲಿಗೆಯಿಂದ ಬಂದವು. ಶುದ್ಧಿ ಹೊಸ್ತಿಲಿಗೆ ಮುಗಿಯುತ್ತದೆಯೇ, ಹೊಲಸು ಹೋಗಿ ಮುಟ್ಟುವ ಜಾಗದವರೆಗೂ ಅದರ ಹೊಣೆ ಇದೆಯೇ ಎಂಬುದು ಅಲ್ಲಿ ಅಡಗಿರುವ ಧರ್ಮದ ಪ್ರಶ್ನೆ.

ಗುಂಡಿ ಇರುವಷ್ಟು ದಿನ ಈ ಪ್ರಶ್ನೆ ಮಣ್ಣಿನಡಿ ಮುಚ್ಚಿರುತ್ತದೆ. ಸೆಪ್ಟಿಕ್ ಟ್ಯಾಂಕು ಮಲವನ್ನು ಇಲ್ಲವಾಗಿಸುವುದಿಲ್ಲ. ಗಟ್ಟಿಯಾದದ್ದು ತಳದಲ್ಲಿ ಕೂಡುತ್ತದೆ, ತಿಳಿಯಾದದ್ದು ನೆಲಕ್ಕೆ ಇಂಗಬೇಕು. ಬಳ್ಳಾರಿ ನಗರದ ಬಂಡೆಗಲ್ಲಿನ ನೆಲ ಅಷ್ಟು ಸುಲಭವಾಗಿ ನೀರು ಕುಡಿಯುವುದಿಲ್ಲ. ಕುರುಗೋಡು, ಸಿರುಗುಪ್ಪದ ಕಡೆಯ ಎರೆಮಣ್ಣು ಹಸಿಯಾದ ಮೇಲೆ ಇಂಗುವುದು ಬಲು ನಿಧಾನ. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಸೀಮೆಯಲ್ಲಿ ಅಂತರ್ಜಲವೂ ಮೇಲೆದ್ದಿದ್ದರೆ ಗುಂಡಿ ಬೇಗ ತುಂಬುತ್ತದೆ, ಪಕ್ಕದ ಬೋರ್‌ವೆಲ್‌ಗೂ ಸೋರಬಹುದು. ಸಕ್ಕಿಂಗ್ ಮಷಿನ್ ಬಂದು ಎಳೆದುಕೊಂಡು ಹೋದದ್ದನ್ನು ಯಾವ ಹಳ್ಳಕ್ಕೆ ಸುರಿದರು ಎಂದು ಕೇಳುವ ಮನೆಯವರು ಅಪರೂಪ.

ಹಳೆಯ ಧರ್ಮಶಾಸ್ತ್ರಗಳು ಹೊಣೆಯನ್ನು ಹೊಸ್ತಿಲಿನಾಚೆಗೂ ಚಾಚಿದ್ದುಂಟು. ನೀರಿನಲ್ಲಿ ಮಲಮೂತ್ರ ಮಾಡಬಾರದು, ಉಗುಳಬಾರದು ಎಂಬ ವಿಧಿ ಮನುಸ್ಮೃತಿಯ 4ನೇ ಅಧ್ಯಾಯದಲ್ಲಿದೆ. ಅದೇ ಗ್ರಂಥ ಅಶುದ್ಧಿಯನ್ನು ಮನುಷ್ಯರ ಹುಟ್ಟಿಗೂ ಅಂಟಿಸಿತು. ಸಮಾಜ ಮೊದಲಿನದನ್ನು ಮರೆತು ಎರಡನೆಯದನ್ನು ಬಿಗಿಯಾಗಿ ಹಿಡಿದುಕೊಂಡಿತು. ವೀರಶೈವ ಪರಂಪರೆ ನಿರಾಕರಿಸಿದ ಐದು ಸೂತಕಗಳೆಂದರೆ ಜಾತಿ, ಜನನ, ಮರಣ, ರಜಸ್ಸು, ಎಂಜಲು. ಇವೆಲ್ಲ ಮನುಷ್ಯನ ಮೈಗೂ ಹುಟ್ಟಿಗೂ ಹೊರಿಸಿದ ಮೈಲಿಗೆಗಳು. ದೊಡ್ಡಬಸವೇಶ್ವರನ ತೇರೆಳೆಯುವ ಕುರುಗೋಡಿನಂಥ ಊರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹೊಲಸಾದ ನೀರು ಮತ್ತೆ ಶುದ್ಧವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಇಸ್ಲಾಮಿನ ವಿದ್ವಾಂಸರು ನೇರವಾಗಿಯೇ ಎದುರಿಸಿದ್ದಾರೆ: ಬಣ್ಣ, ರುಚಿ, ವಾಸನೆಗಳಲ್ಲಿ ಹೊಲಸಿನ ಗುರುತು ಉಳಿಯದಂತೆ ಶುದ್ಧೀಕರಿಸಿದ ಚರಂಡಿ ನೀರು ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಜೂಗೂ ಆಗಬಹುದು ಎಂದು ಸೌದಿ ಅರೇಬಿಯಾದ ಹಿರಿಯ ಉಲೇಮಾಗಳ ಮಂಡಳಿ 1978ರಲ್ಲಿ ತೀರ್ಮಾನಿಸಿತು. ನೀರಿಗೆ ಮತ್ತೆ ಶುದ್ಧವಾಗುವ ಹಕ್ಕನ್ನು ಕೊಟ್ಟ ತೀರ್ಮಾನ ಅದು. ಎಷ್ಟೋ ಮನುಷ್ಯರಿಗೆ ಜಾತಿ ಆ ಹಕ್ಕನ್ನೂ ಕೊಡಲಿಲ್ಲ.

ಗುಂಡಿಯ ನಿಜವಾದ ಬೆಲೆ ಕೊಟ್ಟವರು ಅದರೊಳಗೆ ಇಳಿದವರು. ದೇವರಾಜ ಅರಸು ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ದೇಶದ ಕಾನೂನು ಬಂದದ್ದು 1993ರಲ್ಲಿ; ಸೆಪ್ಟಿಕ್ ಟ್ಯಾಂಕ್ ಮತ್ತು ಒಳಚರಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನೂ ಸೇರಿಸಿದ ಕಾಯ್ದೆ 2013ರದು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿರಲಿಲ್ಲ ಎಂದೇ ಅರ್ಥ. ಗುಂಡಿಯಲ್ಲಿ ಕೂಡುವ ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ಇಳಿದವನಿಗೆ ಅಪಾಯದ ವಾಸನೆಯೂ ಬರುವುದಿಲ್ಲ. ಮನೆಮನೆಯ ಗುಂಡಿ ಹೋಗಿ ಒಳಚರಂಡಿ ಬಂದರೆ, ಕಟ್ಟಿಕೊಂಡದ್ದನ್ನು ಜೆಟ್ಟಿಂಗ್ ಮಷಿನ್‌ನಿಂದ ಬಿಡಿಸಬಹುದು. ಮಷಿನ್ ಕೆಟ್ಟು ನಿಂತ ದಿನ ಮ್ಯಾನ್‌ಹೋಲಿನ ಮುಚ್ಚಳ ತೆಗೆದು ಮತ್ತದೇ ಕೇರಿಯವನನ್ನು ಕರೆಸಿದರೆ, ಬದಲಾದದ್ದು ಗುಂಡಿಯ ಜಾಗ ಅಷ್ಟೆ.

ಪೈಪಿನ ಇನ್ನೊಂದು ತುದಿ ನದಿಯ ಕಡೆಗಿದೆ. ಬಳ್ಳಾರಿಯ ಪೂರ್ವಕ್ಕೆ ಹರಿಯುವ ಹಗರಿ ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ಸಿರುಗುಪ್ಪ ದಾಟಿದ ತುಂಗಭದ್ರೆ ಮಂತ್ರಾಲಯಕ್ಕೆ ಹೋಗುತ್ತದೆ. ಅಲ್ಲಿ ರಾಯರ ದರ್ಶನಕ್ಕೆ ಮುಂಚೆ ಭಕ್ತರು ಅದೇ ನೀರಿನಲ್ಲಿ ಮುಳುಗು ಹಾಕುತ್ತಾರೆ. ಮೇಲಿನ ಓಣಿಯ ಹೊಲಸು ತನ್ನ ಬಾಗಿಲ ಮುಂದೆ ಹಾಯಬಾರದು ಎನ್ನುವವನಿಗೆ, ತನ್ನದು ಇನ್ನೊಬ್ಬನ ಸ್ನಾನಘಟ್ಟಕ್ಕೆ ಹಾಯಬಾರದು ಎಂಬುದೂ ಅನ್ವಯಿಸಬೇಕು. ಗುಡಿಯ ಎದುರಿನ ಮ್ಯಾನ್‌ಹೋಲನ್ನು ನಾಲ್ಕು ಮಾರು ಆಚೆ ಸರಿಸಿದರೆ ಆ ತಕರಾರು ಮುಗಿಯಿತು, ಸರಿಸಲಿ. ಶುದ್ಧೀಕರಣ ಘಟಕ ಎಲ್ಲಿದೆ, ಕರೆಂಟು ಹೋದಾಗಲೂ ನಡೆಯುತ್ತದೆಯೇ, ಜೆಟ್ಟಿಂಗ್ ಮಷಿನ್ ಊರಿನಲ್ಲೇ ಇರುತ್ತದೆಯೇ ಎಂಬುದನ್ನು ಕೆಲಸ ಶುರುವಾಗುವ ಮುಂಚೆಯೇ ನಗರಸಭೆಯನ್ನೋ ಪುರಸಭೆಯನ್ನೋ ನಿವಾಸಿಗಳು ಕೇಳಬೇಕು. ಇವಕ್ಕೆ ಉತ್ತರವಿಲ್ಲದ ಒಳಚರಂಡಿಯನ್ನು ಮಡಿವಂತರೇ ಮೊದಲು ವಿರೋಧಿಸಬೇಕು.