ಸಾದಾ ಮನೆಯೂ ಮನೆಯವರ ಕೈಗೆಲಸವೂ

ಮಳೆಬಿಸಿಲಿಗೆ ಮರೆಯಾದರೆ ಮನೆಗೆ ಸಾಕು, ಅದನ್ನು ಅಂದಗೊಳಿಸುವದು ಲೋಕದ ಡಂಭವೇ ಎಂದು ನಮ್ಮ ಸಭೆಗಳ ಹಿರಿಯರಲ್ಲಿ ಕೆಲವರು ಹೇಳುವದುಂಟು. ಅವರ ಮಾತಿಗೆ ಆಧಾರವಿಲ್ಲದೆ ಇಲ್ಲ. ಮಗಳ ಮದುವೆ ಗೊತ್ತಾದ ಕೂಡಲೆ ಸಾಲ ಮಾಡಿ ಗೋಡೆಗೆ ಬಣ್ಣ ಬಳಿಸಿ, ಕಂತಿನ ಮೇಲೆ ಗಾಜಿನ ಕಪಾಟು ತರಿಸಿ, ನೆಂಟರು ಹೋದ ಮೇಲೆ ವರುಷಗಟ್ಟಲೆ ಬಡ್ಡಿ ತೆರುವವರನ್ನು ಅವರು ಕಂಡಿದ್ದಾರೆ, ನಾವೂ ಕಂಡಿದ್ದೇವೆ. ಆದರೂ ಡಂಭವು ಅಂದದಲ್ಲಿಯೇ ಇರುವದೋ, ಇಲ್ಲವೆ ಆ ಅಂದವನ್ನು ಸಂಪಾದಿಸುವ ರೀತಿಯಲ್ಲಿ ಇರುವದೋ ಎಂಬದನ್ನು ವಿಚಾರಿಸಬೇಕಾಗಿದೆ.

ಈ ಪ್ರಶ್ನೆಯು ಈಗ ಅನೇಕ ಗ್ರಾಮಗಳಲ್ಲಿ ಎದುರಾಗುತ್ತದೆ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಪ್ರಕಾರ, ಅಡಿಗೆಯ ಸ್ಥಳವೂ ಸೇರಿ 25 ಚದರ ಮೀಟರಿಗೆ ಕಡಿಮೆಯಿಲ್ಲದ ಪಕ್ಕಾ ಮನೆಯನ್ನು ಕಟ್ಟಿಕೊಳ್ಳಲು ಬಡವರಿಗೆ ಸಹಾಯ ದೊರೆಯುತ್ತದೆ. ಇದು ಸಣ್ಣ ಉಪಕಾರವಲ್ಲ. ಆದರೆ ಒಂದೇ ಅಳತೆಯಲ್ಲಿ ಸಾಲಾಗಿ ನಿಂತ ಇಂಥ ಮನೆಗಳಲ್ಲಿ, ಬಾಗಲ ಮೇಲಿನ ಸಂಖ್ಯೆಯನ್ನು ಅಳಿಸಿದರೆ ಯಾವದು ಯಾರದೆಂದು ತಿಳಿಯದು. ಗೋಡೆಗೆ ಹಣವನ್ನು ಸರಕಾರ ಕೊಟ್ಟೀತು. ಮನೆಗೆ ಕಳೆಯನ್ನು ಒಳಗೆ ವಾಸಿಸುವವರೇ ತರಬೇಕಷ್ಟೆ.

ಸಾಗರದ ಸೀಮೆಯ ದೀವರ ಸ್ತ್ರೀಯರು ಇದನ್ನು ಹ್ಯಾಗೆ ಮಾಡಿದರೆಂದು ನೋಡಿರಿ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅವರು ಬರೆಯುವ ಚಿತ್ತಾರಕ್ಕೆ ಅಂಗಡಿಯ ಬಣ್ಣ ಬೇಕಾಗಿರಲಿಲ್ಲ. ನೆನೆಯಿಸಿ ಅರೆದ ಅಕ್ಕಿಯಿಂದ ಬಿಳುಪು, ಕರಿಯಾಗುವಷ್ಟು ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆಯಿಂದ ಹಳದಿ, ಪುಂಡಿಯ ನಾರಿನಿಂದ ಕುಂಚ, ಇಷ್ಟೇ ಸಾಮಗ್ರಿ. ಗೆರೆಗಳಾದರೋ ನೂಲು ಹಿಡಿದು ಎಳೆದಂತೆ ಇರುತ್ತವೆ. ಇಂಥದ್ದನ್ನು ನಮ್ಮವರು ಬರೆಯಬಹುದೋ ಎಂದು ಕೆಲವರು ಸಂಶಯಪಡುತ್ತಾರೆ. ಪೂಜೆಯ ಗುರುತನ್ನು ಬರೆಯಿರೆಂದು ನಾವು ಹೇಳುವದಿಲ್ಲ. ಆದರೆ ಕೆಮ್ಮಣ್ಣೂ ಅಕ್ಕಿಹಿಟ್ಟೂ ಯಾವ ಮತಕ್ಕೆ ಸೇರಿದವುಗಳು? ಕಿಟಕಿಯ ಸುತ್ತಲು ಬಳ್ಳಿಯನ್ನೋ ಬಾಗಲ ಪಕ್ಕದಲ್ಲಿ ಭತ್ತದ ತೆನೆಯನ್ನೋ ಬರೆಯುವವಳ ಮನಸ್ಸಾಕ್ಷಿಗೆ ಇದರಿಂದ ಹಾನಿಯುಂಟೆಂದು ನಮಗೆ ತೋರುವದಿಲ್ಲ. ಅಜ್ಜಿಯಿಂದ ಬಂದ ಕೈಚಳಕವನ್ನು ಬಿಟ್ಟು, ಪ್ಲಾಸ್ಟಿಕ್ ಹೂವನ್ನು ತೂಗಹಾಕುವದೇ ಹೆಚ್ಚಿನ ಭಕ್ತಿಯೆಂದು ಎಣಿಸುವದು ವಿಚಿತ್ರವೇ ಸರಿ.

ಚಿತ್ರ ಬರೆಯಲು ಕೈ ಬಾರದವರಿಗೆ ಸುಣ್ಣವಿದೆ. ಸುಟ್ಟ ಸುಣ್ಣವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು; ಸುಣ್ಣದ ಮೇಲೆ ನೀರನ್ನು ಹೊಯ್ಯಬಾರದು. ಆಗ ಅದು ಕೊತಕೊತನೆ ಕುದಿಯುವದು. ಒಂದು ತೊಟ್ಟು ಹಾರಿದರೂ ಕಣ್ಣು ಹೋದೀತಾದ ಕಾರಣ ಮಕ್ಕಳನ್ನು ದೂರವಿಡಿರಿ. ಒಂದೆರಡು ದಿನ ನೆನೆದ ಮೇಲೆ ಸೋಸಿ, ಹಾಲಿನಂತೆ ತೆಳ್ಳಗೆ ಮಾಡಿ, ಗೋಡೆಗೆ ನೀರು ಚಿಮುಕಿಸಿ ಬಳಿಯಬೇಕು. ಬಳಿಯುವಾಗ ಸಪ್ಪೆಯಾಗಿ ತೋರಿದರೂ ಒಣಗಿದ ಮೇಲೆ ಬೆಳ್ಳಗಾಗುವದು. ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿ ಸುಣ್ಣವು ತಿರಿಗಿ ಕಲ್ಲಾಗುವದರಿಂದ, ಒಂದು ದಪ್ಪ ಬಳಿತಕ್ಕಿಂತ ಮೂರು ತೆಳು ಬಳಿತಗಳು ಗಟ್ಟಿ. ದಪ್ಪ ಬಳಿದದ್ದು ಹೊಪ್ಪಳಿಕೆಯಾಗಿ ಉದುರುತ್ತದೆ. ಎಣ್ಣೆಬಣ್ಣದ ಗೋಡೆಗೆ ಇದು ಹಿಡಿಯದು. ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿಸಿ ದೊಡ್ಡ ಮನೆಯಂತೆ ಕಾಣಿಸಬೇಕೆನ್ನುವವರು ಒಂದನ್ನು ತಿಳಿಯಬೇಕು: ಒಳಗಿನ ತೇವವು ಹೊರಗೆ ಬರಲಾರದೆ ಮಣ್ಣನ್ನೇ ಮೆತ್ತಗೆ ಮಾಡುತ್ತದೆ. ಅಂಥ ಗೋಡೆಗೆ ಸುಣ್ಣವೇ ಹಿತ.

1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಆ ಮಾದರಿಯ ಹಂಚುಗಳು ನಾಡೆಲ್ಲ ಹಬ್ಬಿದವು. ಅಂಥ ಮಾಡಿನ ಕೆಳಗೆ ಅಡಿಗೆಮನೆ ಕತ್ತಲಾಗಿದ್ದರೆ, ಒಂದು ಹಂಚನ್ನು ತೆಗೆದು ಅದೇ ಅಳತೆಯ ಗಾಜಿನ ಹಂಚನ್ನು ಇಟ್ಟು ನೋಡಿರಿ. ಅದಕ್ಕೂ ಡಂಭಕ್ಕೂ ಏನು ಸಂಬಂಧ?

ಡಂಭವನ್ನು ಗುರುತಿಸುವ ಉಪಾಯ ಕಷ್ಟದ್ದಲ್ಲ. ಯಾರೂ ನೋಡಲು ಬಾರದಿದ್ದರೂ ಇದನ್ನು ಮಾಡುತ್ತಿದ್ದೆವೋ ಎಂದು ಕೇಳಿಕೊಂಡರೆ ಸಾಕು. ಶೂನೇಮಿನ ಸ್ತ್ರೀಯು ಎಲೀಷನಿಗಾಗಿ ಮಾಳಿಗೆಯ ಮೇಲೆ ಸಿದ್ಧಮಾಡಿಸಿದ್ದು ಚಿಕ್ಕ ಕೋಣೆಯನ್ನೇ. ಅದರಲ್ಲಿದ್ದವು ಮಂಚ, ಮೇಜು, ಕುರ್ಚಿ, ದೀಪ. ಆಕೆ ಅನುಕೂಲವುಳ್ಳವಳಾಗಿದ್ದರೂ ಕೋಣೆಯಲ್ಲಿ ತನ್ನ ಐಶ್ವರ್ಯವನ್ನು ತೋರಿಸದೆ, ದಣಿದು ಬರುವವನಿಗೆ ಏನು ಬೇಕೆಂಬದನ್ನು ನೋಡಿದಳು.

ಇನ್ನೊಂದು ಮಾತನ್ನು ಗಂಡಸರಿಗೆ ಹೇಳಬೇಕು. ನೆಲ ಸಾರಿಸುವದು, ಮಣ್ಣು ಹೊರುವದು, ಗೋಡೆ ಬಳಿಯುವದು ಬಹುಕಾಲದಿಂದ ಹೆಂಗಸರ ಪಾಲಿಗೇ ಬಿದ್ದಿದೆ. ಹೊಲದಿಂದ ಇಬ್ಬರೂ ದಣಿದು ಬಂದಾಗ ಒಬ್ಬನು ಜಗಲಿಯಲ್ಲಿ ಕೂತು ಮನೆಯ ಅಂದವನ್ನು ಹೊಗಳುವದೂ, ಒಬ್ಬಳು ಬೆನ್ನು ಬಗ್ಗಿಸಿ ಆ ಅಂದವನ್ನು ಉಂಟುಮಾಡುವದೂ ನ್ಯಾಯವಲ್ಲ. ಅಂಥ ಗೋಡೆಯು ಎಷ್ಟು ಬೆಳ್ಳಗಿದ್ದರೂ ನಮಗೆ ಚೆನ್ನಾಗಿ ಕಾಣದು. ಮಳೆ ನಿಂತು ಗೋಡೆ ಒಣಗಿದ ಮೇಲೆ, ಬಿಸಿಲು ಬಲಿಯುವದಕ್ಕೆ ಮೊದಲು ಸುಣ್ಣಕ್ಕೆ ತಕ್ಕ ಕಾಲ. ನೀರನ್ನು ಅಪ್ಪನು ಹೊರಲಿ, ಏಣಿಯನ್ನು ಮಗನು ಹಿಡಿಯಲಿ. ಬಳ್ಳಿ ಎಲ್ಲಿಂದ ಹಬ್ಬಬೇಕೆಂಬದನ್ನು ತಾಯಿ ಹೇಳಲಿ.